ಮಾಳಿಗೆ ನೀರಿಗೆ ತೆರಿಗೆ ರಿಯಾಯಿತಿ: ಪಾಲಿಕೆಗೆ ಮನವಿ ಕೊಡೋಣ

ಮನೆ 14:
ನಿನ್ನೆ ರಾತ್ರಿಯ ಮಳೆಗೆ ಬೀದಿಯ ಮಾಳಿಗೆಗಳ ನೀರೆಲ್ಲ ಚರಂಡಿ ಪಾಲಾಯಿತು. ಬೆಳಗಾಗುತ್ತಲೇ ಅದೇ ಬೀದಿಗೆ ಟ್ಯಾಂಕರ್ ಬಂದು ನಿಂತಿತು. ನೋಡಿ ಸಂಕಟವಾಯಿತು. ಬಳ್ಳಾರಿಗೆ ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ. ನೂರು ಚದರ ಮೀಟರ್ ಮಾಳಿಗೆಯಿದ್ದರೆ, ಪೋಲಾಗುವುದನ್ನು ಕಳೆದರೂ 40 ಸಾವಿರ ಲೀಟರ್ ಸಿಗುತ್ತದೆ. ಅಂದರೆ ಐದು ಸಾವಿರ ಲೀಟರಿನ ಎಂಟು ಟ್ಯಾಂಕರ್!

ತಮಿಳುನಾಡು 2003ರಲ್ಲೇ ಎಲ್ಲ ಕಟ್ಟಡಗಳಿಗೂ ಮಳೆನೀರು ಕೊಯ್ಲು ಕಡ್ಡಾಯ ಮಾಡಿತು. ಬೆಂಗಳೂರಿನಲ್ಲಿ 2009ರಲ್ಲಿ ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ತಂದರು. ಅಳವಡಿಸದವರ ನೀರಿನ ಬಿಲ್ಲಿಗೆ ದಂಡ ಸೇರುತ್ತದೆ. ಪುಣೆಯವರ ದಾರಿ ನನಗೆ ಹೆಚ್ಚು ಹಿಡಿಸಿತು: ಮಳೆಕೊಯ್ಲು, ಸೌರಶಕ್ತಿ, ಎರೆಗೊಬ್ಬರ, ಇವುಗಳಲ್ಲಿ ಒಂದಿದ್ದರೆ ಆಸ್ತಿ ತೆರಿಗೆಯಲ್ಲಿ ಶೇ 5, ಎರಡಿದ್ದರೆ ಶೇ 10 ರಿಯಾಯಿತಿ. ನಮ್ಮ ಪಾಲಿಕೆಯನ್ನೂ ಹೀಗೆಯೇ ಕೇಳೋಣ.

ಮನೆ 31:
ಕೇಳೋಣ ಸರ್, ಆದರೆ ನೀರನ್ನು ನೆಲಕ್ಕಿಳಿಸುವ ಇಂಗುಗುಂಡಿಯೇ ಆಗಬೇಕೆಂಬ ಷರತ್ತು ಬೇಡ. ನಮ್ಮದು ಎರೆಮಣ್ಣು. ನೀರು ಬೇಗ ಇಂಗುವುದಿಲ್ಲ, ಮಣ್ಣು ಉಬ್ಬುತ್ತದೆ. ನಾನು ಕಾಂಪೌಂಡಿಗೆ ತಾಗಿಸಿ ಗುಂಡಿ ತೋಡಿಸಿದ್ದೆ, ಎರಡೇ ಮಳೆಗಾಲಕ್ಕೆ ಗೋಡೆ ಬಿರುಕು ಬಿಟ್ಟಿತು. ಸಂಪಿನಲ್ಲಿ ಹಿಡಿದಿಟ್ಟವರಿಗೂ ರಿಯಾಯಿತಿ ಸಿಗಬೇಕು.

ಮನೆ 8:
ಅಕ್ಕ ಹೇಳಿದ್ದು ಸರಿ. ಮಾಳಿಗೆಯ ಮೇಲೆ ಕೂತ ಕೆಂಪು ಧೂಳನ್ನು ಮಾತ್ರ ಮರೆಯಬೇಡಿ. ಮೊದಲ ಮಳೆಯ ನೀರನ್ನು ಹೊರಗೆ ಬಿಡಲು ಪೈಪಿಗೆ ಬೇರೆ ವಾಲ್ವ್ ಇರಲಿ. ಆಮೇಲೆ ಜಲ್ಲಿ, ಮರಳು, ಇದ್ದಿಲಿನ ಮೂಲಕ ಸಂಪಿಗೆ. ನಾವು ಬೇಳೆಯನ್ನು ಈ ನೀರಿನಲ್ಲೇ ಬೇಯಿಸುತ್ತೇವೆ. ಬೋರಿನ ಗಡಸು ನೀರಿನಲ್ಲಿ ಅದು ಬೇಯುವುದೇ ಇಲ್ಲ.

ಮನೆ 22, ಮೇಲಿನ ಮಹಡಿ:
ನಾವು ಬಾಡಿಗೆಯವರು. ರಿಯಾಯಿತಿ ಮಾಲೀಕರಿಗೆ ಹೋಗುತ್ತದೆ, ಟ್ಯಾಂಕರಿನ ದುಡ್ಡು ನಾವು ಕೊಡುತ್ತೇವೆ. ಪೈಪಿನ ಖರ್ಚನ್ನು ಮಾಲೀಕರೇ ಹಾಕಲಿ ಎಂದು ನೀವೆಲ್ಲ ಸೇರಿ ಹೇಳಿದರೆ ನಮ್ಮ ಮಾಲೀಕರು ಕೇಳಿಯಾರು.

ಮನೆ 14:
ಇಂದು ಸಂಜೆಯೇ ನಾನು ಅವರೊಂದಿಗೆ ಮಾತನಾಡುತ್ತೇನೆ ತಾಯಿ. ಮನವಿಯಲ್ಲಿ ಎರಡೇ ಮಾತು ಬರೆಯುತ್ತೇನೆ: ಸಂಪಿಗೂ ಅನ್ವಯಿಸುವ ತೆರಿಗೆ ರಿಯಾಯಿತಿ, ಮತ್ತು ಹೊಸ ಮನೆಗಳಲ್ಲಿ ನಕ್ಷೆಯನ್ನಷ್ಟೇ ನೋಡದೆ ಮಳೆಕೊಯ್ಲಿನ ಪೈಪು ಕಣ್ಣಾರೆ ಕಂಡ ಮೇಲೆಯೇ ಪಾಲಿಕೆಯ ಪ್ರಮಾಣಪತ್ರ. ಭಾನುವಾರ ಬೆಳಿಗ್ಗೆ 8ಕ್ಕೆ ಉದ್ಯಾನದಲ್ಲಿ ಸಹಿ ಹಾಕೋಣ. ಅದಕ್ಕೂ ಮೊದಲು 8ನೇ ಮನೆಯ ವಾಲ್ವ್ ನೋಡಲು 7ಕ್ಕೆ ಬನ್ನಿ.

ಮನೆ 8:
ಬನ್ನಿ, ಚಹಾ ನಮ್ಮಲ್ಲೇ. ಏಣಿ ಹಾಕಿ ಇಟ್ಟಿರುತ್ತೇನೆ.