ಅಪ್‌ಡೇಟ್: ಅಮ್ಮನ ಕೃತಜ್ಞತಾ ಸ್ತುತಿ ನೆರವೇರಿತು

ಹೃದಯದ ಶಸ್ತ್ರಚಿಕಿತ್ಸೆಯಾಗಿ ಗುಣಮುಖರಾದ ಅಮ್ಮನ ಪರವಾಗಿ ಚರ್ಚಿನ ಸಭೆಯ ಮುಂದೆ ದೇವರಿಗೆ ಹೇಗೆ ಕೃತಜ್ಞತೆ ಸಲ್ಲಿಸಬೇಕು, ಯಾವ ವಾಕ್ಯಭಾಗವನ್ನು ಓದಬೇಕು ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ವಂದನೆಗಳು.

ನಿಮ್ಮಲ್ಲಿ ಹಲವರು ಸೂಚಿಸಿದ ಬೈಬಲ್ಲಿನ 136ನೆಯ ಕೀರ್ತನೆಯನ್ನೇ ಆರಿಸಿಕೊಂಡೆವು. ಅದರ 26 ವಚನಗಳೂ ದೇವರ ಕೃಪೆ ಶಾಶ್ವತವೆಂಬ ಮಾತಿನಿಂದಲೇ ಮುಗಿಯುವುದರಿಂದ, ಪ್ರತಿ ವಚನದ ಮೊದಲ ಭಾಗವನ್ನು ನಾನು ಓದಿದರೆ ಉಳಿದದ್ದನ್ನು ಸಭೆಯೆಲ್ಲ ಒಟ್ಟಾಗಿ ಹೇಳಲಿ ಎಂದು ನಮ್ಮ ಸಭಾಪಾಲಕರಾದ ಅಯ್ಯನವರು ತಿಳಿಸಿದರು. ಹಾಗೆ ಓದುವಾಗ ನಮ್ಮ ಮನೆಯ ಸಂತೋಷ ಇಡೀ ಸಭೆಯದಾಯಿತು.

ಅಮ್ಮ ಮಾತ್ರ ಲೂಕನ ಸುವಾರ್ತೆಯ 17ನೆಯ ಅಧ್ಯಾಯವೂ ಬೇಕೆಂದು ಪಟ್ಟು ಹಿಡಿದರು. ವಾಸಿಯಾದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಸಮಾರ್ಯದವನೊಬ್ಬನೇ ಹಿಂದಿರುಗಿ ಬಂದು ಯೇಸುವಿನ ಪಾದಕ್ಕೆ ಬಿದ್ದ ಪ್ರಸಂಗವದು. "ಗುಣವಾಯಿತೆಂದು ಮನೆಯಲ್ಲೇ ಕೂತರೆ ನಾನೂ ಆ ಒಂಬತ್ತು ಮಂದಿಯ ಜೊತೆ ಸೇರಿದ ಹಾಗಲ್ಲವೇನಪ್ಪಾ?" ಎಂದರು. ಕಾಣಿಕೆಯ ಲಕೋಟೆಯ ಹಿಂಬದಿಯಲ್ಲಿ, ರಾತ್ರಿಯೆಲ್ಲ ನೋಡಿಕೊಂಡ ದಾದಿಯರ ಹೆಸರುಗಳನ್ನು ನಡುಗುವ ಕೈಯಿಂದಲೇ ಬರೆದು, ಅವರಿಗಾಗಿಯೂ ಪ್ರಾರ್ಥಿಸಬೇಕೆಂದು ಅಯ್ಯನವರನ್ನು ಕೇಳಿಕೊಂಡರು.

ಕಾಣಿಕೆ ಎಷ್ಟಿರಬೇಕೆಂಬ ನನ್ನ ಇನ್ನೊಂದು ಪ್ರಶ್ನೆಗೆ, ಅದಕ್ಕೆ ನಿಗದಿತ ಮೊತ್ತವಿಲ್ಲ, ಮನಸ್ಸಿನಲ್ಲಿ ನಿಶ್ಚಯಿಸಿದ್ದನ್ನು ಸಂತೋಷದಿಂದ ಕೊಟ್ಟರೆ ಸಾಕು ಎಂದು ಅಯ್ಯನವರು ಹೇಳಿದರು.