ಬ್ರೇಕ್ ಡ್ಯಾನ್ಸಿನ ‘ಬ್ರೇಕ್’, ನಮ್ಮ ‘ಬಿಡ್ತಿಗೆ’

ನಮಸ್ಕಾರ, ಯಕ್ಷಗಾನದ ‘ಬಿಡ್ತಿಗೆ’ ಅನ್ನುವ ಪದದ ಬಗ್ಗೆ ಕೇಳಬೇಕಿತ್ತು.

ನಾನು ಕುಮಟಾದಲ್ಲಿ ಓದುವಾಗ, 1990ರ ಹೊತ್ತಿಗೆ, ಬ್ರೇಕ್ ಡ್ಯಾನ್ಸ್ ಇಲ್ಲದೆ ಶಾಲೆಯ ಗ್ಯಾದರಿಂಗ್ ಮುಗಿಯುತ್ತಿರಲಿಲ್ಲ. ಒಂದೇ ಕೈಗೆ ಬಿಳಿ ಗ್ಲೌಸ್ ಹಾಕಿದ ಹುಡುಗ ಬೆರಳ ತುದಿಯಿಂದ ಭುಜದವರೆಗೆ ಅಲೆ ಎಬ್ಬಿಸಿ, ಆಮೇಲೆ ಹಿಂದಕ್ಕೆ ಜಾರುತ್ತಾ ಹೋಗುತ್ತಿದ್ದ. ಆ ಜಾರುವುದು ಮೂನ್‌ವಾಕ್, ಮೈಕೆಲ್ ಜಾಕ್ಸನ್ 1983ರಲ್ಲಿ ಟಿವಿಯಲ್ಲಿ ಮಾಡಿದ ಮೇಲೆ ಎಲ್ಲೆಡೆ ಹಬ್ಬಿದ್ದು. ನಮಗೆ ಅದೂ ಬ್ರೇಕ್ ಡ್ಯಾನ್ಸೇ. ಕೈಕಾಲು ಮುರಿದ ಹಾಗೆ ಕುಣಿಯೋದಕ್ಕೆ ಆ ಹೆಸರು ಅಂತಲೇ ತಿಳಿದಿದ್ದೆವು. ನಮ್ಮ ಮಾಸ್ತರರು ‘ಮುರುಕು ಕುಣಿತ’ ಅನ್ನುತ್ತಿದ್ದರು.

ಟ್ವಿಸ್ಟ್‌ನಲ್ಲಿ ಸೊಂಟ ತಿರುಚೋದು ಕಣ್ಣಿಗೇ ಕಾಣುತ್ತದೆ. ಡಿಸ್ಕೋ ಅನ್ನೋದು ಕುಣಿಯುವ ಜಾಗದ ಹೆಸರಿಂದ ಬಂದದ್ದು. ಬ್ರೇಕ್‌ನಲ್ಲೇ ನಾವು ಎಡವಿದ್ದು. ಅದು ಮೂಳೆಯ ಬ್ರೇಕ್ ಅಲ್ಲ, ಹಾಡಿನದ್ದು. ರೆಕಾರ್ಡಿನಲ್ಲಿ ಹಾಡು ನಿಂತು ಬರೀ ಡ್ರಮ್ ಕೇಳುವ ತುಣುಕು ಇರುತ್ತದಲ್ಲ, ಅದು. 1973ರ ಹೊತ್ತಿಗೆ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು ಆ ತುಣುಕನ್ನೇ ಮತ್ತೆ ಮತ್ತೆ ನುಡಿಸಿ ಉದ್ದ ಮಾಡುತ್ತಿದ್ದ, ಕುಣಿಯುವ ಹುಡುಗರು ಅದಕ್ಕೇ ಕಾದಿರುತ್ತಿದ್ದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೂ ಈ ಕುಣಿತದ ಹೆಸರು ‘ಬ್ರೇಕಿಂಗ್’ ಅಂತಲೇ ಇತ್ತು.

ಇದನ್ನು ಓದಿದ ಕೂಡಲೇ ನೆನಪಾದದ್ದು ಯಕ್ಷಗಾನದ ಬಿಡ್ತಿಗೆ. ಭಾಗವತರು ಪದ್ಯದ ಸಾಲು ಹೇಳಿ ನಿಲ್ಲಿಸುತ್ತಾರೆ, ಮದ್ದಳೆ ಚಂಡೆ ಮಾತ್ರ ನುಡಿಯುತ್ತಿರುತ್ತವೆ, ಆ ನುಡಿತಕ್ಕೆ ವೇಷ ಕುಣಿಯುತ್ತದೆ. ಎಲ್ಲಿಯ ಬ್ರಾಂಕ್ಸ್, ಎಲ್ಲಿಯ ಹೊನ್ನಾವರ, ಆದರೂ ಹಾಡು ಬಿಟ್ಟ ಜಾಗದಲ್ಲೇ ಕುಣಿತ ಅರಳೋದು ಎರಡೂ ಕಡೆ ಒಂದೇ, ಅಲ್ವಾ? ನನಗಂತೂ ತುಂಬಾ ಖುಷಿಯಾಯಿತು.

ಈಗ ಪ್ರಶ್ನೆ. ಬಿಡ್ತಿಗೆ ‘ಬಿಡು’ವಿನಿಂದಲೇ ಬಂದದ್ದು ಅಂತ ನನ್ನ ಊಹೆ. ಆದರೆ ಹೊಲಿ–ಹೊಲಿಗೆ, ನಂಬು–ನಂಬಿಗೆ ಇದ್ದ ಹಾಗೆ ಬಿಡು–ಬಿಡಿಗೆ ಆಗಬೇಕಿತ್ತಲ್ಲ, ನಡುವೆ ‘ತ’ಕಾರ ಯಾಕೆ ಬಂತು? ‘ಬಿಡಿತ’ಕ್ಕೆ ‘ಇಗೆ’ ಸೇರಿತೋ? ಹೀಗೆಯೇ ಆದ ಬೇರೆ ಪದ ಇದ್ದರೆ ಹೇಳಿ. ಶಿರಸಿ, ಸಿದ್ದಾಪುರ ಕಡೆಯ ಮದ್ದಳೆಗಾರರು ಯಾರಾದರೂ ಇದ್ದರೆ ಇನ್ನೊಂದು ಮಾತು: ಮೇಳದ ಹೊರಗೆ, ಮನೆಯ ಮಾತಿನಲ್ಲಿ, ‘ಸ್ವಲ್ಪ ಬಿಡುವು’ ಅನ್ನುವ ಅರ್ಥದಲ್ಲಿ ಬಿಡ್ತಿಗೆ ಅಂತ ಹೇಳೋದನ್ನು ಕೇಳಿದ್ದೀರಾ?