ವೆಬ್‌ಸೈಟ್ ಮಾಡಿಕೊಟ್ಟವನ ಹೆಸರಿನಲ್ಲಿದೆ ನಮ್ಮ ಗಾಣದ ಡೊಮೈನ್: ಎರಡು ಲಕ್ಷ ಕೊಡಬೇಕೇ?

ಗಾಣದಮನೆ, ಚಳ್ಳಕೆರೆ
ನಮ್ಮದು ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆಯ ಗಾಣ. ನಮ್ಮ ಮಾವನವರು 1994ರಲ್ಲಿ ಅತ್ತೆಯವರ ಹೆಸರಿಗೆ 'ಗಾಣ' ಎಂದು ಸೇರಿಸಿ ಇಟ್ಟ ಹೆಸರೇ ಇಂದಿಗೂ ಡಬ್ಬಿಯ ಮೇಲಿದೆ. ಹಿರಿಯೂರು, ದಾವಣಗೆರೆ, ಬಳ್ಳಾರಿಯ ಅಂಗಡಿಗಳಿಗೆ ಮಾಲು ಹೋಗುತ್ತದೆ. 2019ರಲ್ಲಿ ಊರಿನ ಹುಡುಗನೊಬ್ಬ ವೆಬ್‌ಸೈಟ್ ಮಾಡಿಕೊಟ್ಟ. ಡಾಟ್ ಕಾಮ್ ವಿಳಾಸದ ಹಣವನ್ನು ನಮ್ಮಿಂದಲೇ ಪಡೆದು ತನ್ನ ಹೆಸರಿನಲ್ಲಿ ನೋಂದಾಯಿಸಿಕೊಂಡಿದ್ದಾನೆ. ಈಗ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿದ್ದಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಹೀಗೆ ಬರೆದಿದ್ದಾನೆ: 'ಎರಡು ಲಕ್ಷ ಕೊಟ್ಟರೆ ಬಿಡುತ್ತೇನೆ. ಇಲ್ಲದಿದ್ದರೆ ಇನ್ನೊಂದು ಗಾಣದವರು ಕೇಳುತ್ತಿದ್ದಾರೆ.' ವಿಳಾಸ ತೆರೆದರೆ 'ಮಾರಾಟಕ್ಕಿದೆ' ಎಂದು ಬರುತ್ತಿದೆ. ನಮ್ಮ ಹೆಸರಿಗೆ ಟ್ರೇಡ್‌ಮಾರ್ಕ್ ನೋಂದಣಿ ಇಲ್ಲ. ಕೊಟ್ಟು ಕೈ ತೊಳೆದುಕೊಳ್ಳೋಣ ಎನ್ನುತ್ತಾರೆ ಮನೆಯವರು. ನನಗೆ ಮನಸ್ಸು ಒಪ್ಪುತ್ತಿಲ್ಲ.

ಮಂಡಕ್ಕಿ ವ್ಯಾಪಾರಿ
ಜಗಳ ಯಾಕೆ ಮೇಡಂ? ಅದೇ ಹೆಸರಿನಲ್ಲಿ ಡಾಟ್ ಇನ್ ತೆಗೆದುಕೊಂಡು ಡಬ್ಬಿಯ ಮೇಲೆ ಅಚ್ಚು ಹಾಕಿಸಿ. ಗಿರಾಕಿಗಳು ಅಲ್ಲಿಗೇ ಬರುತ್ತಾರೆ.

ದಾವಣಗೆರೆ ವಕೀಲ
ಡಾಟ್ ಇನ್ ಅನ್ನು ಇವತ್ತೇ ತೆಗೆದುಕೊಳ್ಳಿ, ಅದೂ ಅವನ ಕೈಗೆ ಹೋಗದಿರಲಿ. ಆದರೆ ಡಾಟ್ ಕಾಮ್ ಬಿಟ್ಟುಕೊಡಬೇಕೆಂಬ ಮಾತನ್ನು ನಾನು ಒಪ್ಪುವುದಿಲ್ಲ. ನಾಳೆ ಅದು ನಿಜವಾಗಿಯೂ ಇನ್ನೊಂದು ಗಾಣದವರ ಪಾಲಾದರೆ, ನಿಮ್ಮ ಎಣ್ಣೆ ಹುಡುಕಿಕೊಂಡು ಬಂದವರಿಗೆ ಬೇರೆಯವರ ಎಣ್ಣೆ ಸಿಗುತ್ತದೆ. ಮೂವತ್ತು ವರ್ಷದ ನಂಬಿಕೆ ಅದು.

ಡೊಮೈನ್ ಮೊದಲು ಕೇಳಿದವರಿಗೆ ಸಿಗುತ್ತದೆ, ನಿಜ. ಹಾಗೆಂದು ಹೆಸರಿನ ಒಡೆತನ ಅವರಿಗೆ ಬರುವುದಿಲ್ಲ. ಇದನ್ನು ತೀರ್ಮಾನಿಸಿದ ಮೊಕದ್ದಮೆ ನಮ್ಮ ರಾಜ್ಯದಿಂದಲೇ ಹೋದದ್ದು. ಸತ್ಯಂ ಇನ್ಫೋವೇ ಕಂಪನಿ 'ಸಿಫಿ' ಎಂಬ ಹೆಸರನ್ನು ಬಳಸುತ್ತಿತ್ತು, ಇನ್ನೊಬ್ಬರು 'ಸಿಫಿನೆಟ್' ಎಂಬುದಕ್ಕೆ ಒಂದು ಎಫ್ ಹೆಚ್ಚು ಸೇರಿಸಿ ಡೊಮೈನ್ ಪಡೆದರು. ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು, ಹೈಕೋರ್ಟ್ ತೆಗೆದುಹಾಕಿತು, 2004ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಎತ್ತಿ ಹಿಡಿಯಿತು. ನೋಂದಣಿ ಇಲ್ಲದ ಹೆಸರಿಗೂ ಬಳಕೆಯಿಂದ ಹಕ್ಕು ಹುಟ್ಟುತ್ತದೆ. ಅದನ್ನು ಕಾಯುವುದು 'ಪಾಸಿಂಗ್ ಆಫ್' ದಾವೆ, ಅಂದರೆ ಇನ್ನೊಬ್ಬರ ಹೆಸರಿನಲ್ಲಿ ತನ್ನ ಮಾಲು ಮಾರುವುದರ ವಿರುದ್ಧದ ದಾವೆ. ಡೊಮೈನ್‌ಗೂ ಅದು ಅನ್ವಯಿಸುತ್ತದೆ.

ಡಾಟ್ ಕಾಮ್‌ಗೆ ಇನ್ನೊಂದು ದಾರಿಯಿದೆ: ಜಗತ್ತಿನ ಡೊಮೈನ್ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ 1999ರಲ್ಲಿ ತಂದ ಯುಡಿಆರ್‌ಪಿ, ಅಂದರೆ ಡೊಮೈನ್ ವಿವಾದ ಬಗೆಹರಿಸುವ ನಿಯಮ. ಜಿನೀವಾದ ವೈಪೋಗೆ, ಅಂದರೆ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಗೆ, ದೂರು ಕೊಡಬಹುದು. ನಿಮ್ಮ ಹೆಸರಿಗೂ ಡೊಮೈನ್‌ಗೂ ಗೊಂದಲವಾಗುವಷ್ಟು ಹೋಲಿಕೆಯಿದೆ, ಅವನಿಗೆ ಆ ಹೆಸರಿನಲ್ಲಿ ನ್ಯಾಯವಾದ ಹಿತಾಸಕ್ತಿಯಿಲ್ಲ, ಕೆಟ್ಟ ಉದ್ದೇಶದಿಂದ ನೋಂದಾಯಿಸಿ ಬಳಸಿದ್ದಾನೆ, ಈ ಮೂರನ್ನೂ ತೋರಿಸಬೇಕು. ಖರ್ಚಿಗಿಂತ ಹೆಚ್ಚು ಹಣಕ್ಕೆ ಹೆಸರಿನ ಮಾಲೀಕನಿಗೇ ಮಾರಲೆಂದು ನೋಂದಾಯಿಸುವುದನ್ನು ಕೆಟ್ಟ ಉದ್ದೇಶದ ಗುರುತು ಎಂದು ಆ ನಿಯಮವೇ ಹೇಳುತ್ತದೆ. ಆ ವಾಟ್ಸ್‌ಆ್ಯಪ್ ಸಂದೇಶ ನಿಮ್ಮ ಕೈಯಲ್ಲಿರುವ ದೊಡ್ಡ ಸಾಕ್ಷಿ, ಅಳಿಸಬೇಡಿ. 2019ರಲ್ಲಿ ಅವನಿಗೆ ಆ ಉದ್ದೇಶ ಇರಲಿಲ್ಲವೆಂದು ಎದುರು ಪಕ್ಷ ವಾದಿಸಬಹುದು. ಆಗ ನೀವು ಹಣ ಕೊಟ್ಟ ದಾಖಲೆ ಬೇಕು: ಬ್ಯಾಂಕಿನ ವಿವರ, ರಸೀದಿ, ಆಗಿನ ಮಾತುಕತೆ, ಏನಿದ್ದರೂ ಹುಡುಕಿ.

ವೈಪೋ ಶುಲ್ಕವೇ 1,500 ಡಾಲರ್, ಅಂದರೆ ಲಕ್ಷ ರೂಪಾಯಿ ದಾಟುತ್ತದೆ. ಅಲ್ಲಿ ಡೊಮೈನ್ ವರ್ಗಾವಣೆಯೋ ರದ್ದತಿಯೋ ಸಿಗುತ್ತದೆ, ನಷ್ಟ ಪರಿಹಾರ ಸಿಗದು. ಹಾಗಾಗಿ ಮೊದಲು ವಕೀಲರ ನೋಟಿಸ್, ನಂತರ ಅಗತ್ಯ ಬಿದ್ದರೆ ಜಿಲ್ಲಾ ನ್ಯಾಯಾಲಯದಲ್ಲಿ ತಡೆಯಾಜ್ಞೆ. ಇಂಥ ದಾವೆ ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ನಡೆಯುವುದಿಲ್ಲ.

ಈ ವಾರ ಮಾವನವರ ಪೆಟ್ಟಿಗೆ ತೆರೆಯಿರಿ. ಹಳೆಯ ಬಿಲ್ ಪುಸ್ತಕ, ಡಬ್ಬಿಗೆ ಅಂಟಿಸುತ್ತಿದ್ದ ಚೀಟಿ, ಮುದ್ರಣಾಲಯದ ರಸೀದಿ, ಜಾತ್ರೆಯ ಸಮಯದ ಜಾಹೀರಾತು, ತೆರಿಗೆ ಕಾಗದ. ಹೆಸರೂ ತಾರೀಖೂ ಒಟ್ಟಿಗೆ ಕಾಣುವ ಪ್ರತಿಯೊಂದು ಹಾಳೆಯೂ ಬೇಕು.

ಗಾಣದಮನೆ, ಚಳ್ಳಕೆರೆ
ಬಿಲ್ ಪುಸ್ತಕಗಳು ಅಟ್ಟದ ಮೇಲಿವೆ ಸರ್, 1996ರ ಚೀಟಿಯ ಕಟ್ಟೂ ಇದೆ. ಆದರೆ ಅವನೇ ಹೋಗಿ ಟ್ರೇಡ್‌ಮಾರ್ಕ್ ಅರ್ಜಿ ಹಾಕಿಬಿಟ್ಟರೆ?

ದಾವಣಗೆರೆ ವಕೀಲ
ಹಾಕಿದರೂ ಮೊದಲು ಬಳಸಿದವರ ಹಕ್ಕನ್ನು ಟ್ರೇಡ್‌ಮಾರ್ಕ್ ಕಾಯ್ದೆಯ 34ನೇ ಸೆಕ್ಷನ್ ಕಾಯುತ್ತದೆ. ಅರ್ಜಿ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ ನಾಲ್ಕು ತಿಂಗಳೊಳಗೆ ಆಕ್ಷೇಪಣೆಯನ್ನೂ ಸಲ್ಲಿಸಬಹುದು. ಅದಕ್ಕೆ ಕಾಯದೆ ನೀವೇ ಮೊದಲು ಅರ್ಜಿ ಹಾಕಿ. ಖಾದ್ಯ ತೈಲ ಟ್ರೇಡ್‌ಮಾರ್ಕ್ ನೋಂದಣಿಯ 29ನೇ ವರ್ಗಕ್ಕೆ ಬರುತ್ತದೆ. ವ್ಯಕ್ತಿಯ ಹೆಸರಿನಲ್ಲಿ ಆನ್‌ಲೈನ್ ಅರ್ಜಿಯ ಶುಲ್ಕ 4,500 ರೂಪಾಯಿ. 1994ರಿಂದ ಬಳಕೆ ಎಂದು ಅಫಿಡವಿಟ್ ಕೊಟ್ಟು ಆ ಚೀಟಿಯನ್ನೇ ಲಗತ್ತಿಸಿ. 'ಚಳ್ಳಕೆರೆ ಎಣ್ಣೆ' ಎಂಬ ಮಾತನ್ನು ಮಾತ್ರ ನಿಮ್ಮದೇ ಎಂದು ಕೇಳಲು ಹೋಗಬೇಡಿ, ಊರಿನ ಹೆಸರು ಎಲ್ಲ ಗಾಣದವರದು. ಅತ್ತೆಯವರ ಹೆಸರು ಸೇರಿದ ಇಡೀ ಪದವನ್ನೂ ಡಬ್ಬಿಯ ಚಿತ್ರವನ್ನೂ ಕೇಳಿ. ಅಟ್ಟದಿಂದ ಇಳಿಸಿದ್ದನ್ನು ಮೊಬೈಲ್‌ನಲ್ಲಿ ಚಿತ್ರ ತೆಗೆದಿಟ್ಟುಕೊಂಡು, ಮೂಲ ಪ್ರತಿಗಳನ್ನು ಯಾರ ಕೈಗೂ ಕೊಡಬೇಡಿ.